ಚಿತ್ರ ಕೊಟ್ಟ ಮಾತನ್ನು ಆಟ ಉಳಿಸಿಕೊಳ್ಳಬೇಕು

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಂಚಿಕೆಯ ವಿಷಯ: ವಿಡಿಯೊ ಗೇಮ್‌ಗಳಲ್ಲಿ ಭೌತಶಾಸ್ತ್ರ, ದೃಶ್ಯ ಪರಿಣಾಮ ಮತ್ತು ತಲ್ಲೀನತೆ. ಉತ್ತರಿಸಿದವರು ಮೈಸೂರಿನ ಕುವೆಂಪುನಗರದಲ್ಲಿ ನೆಲೆಸಿರುವ ಗೇಮ್ ಪ್ರೋಗ್ರಾಮರ್.

ಪ್ರಶ್ನೆ: ಚಿಕ್ಕಪ್ಪನ ಮನೆಯ ಕಂಪ್ಯೂಟರಿನಲ್ಲಿ ಈಚಿನ ಆಟಗಳನ್ನು ಆಡಿದ್ದೇನೆ. ಫೋಟೊದಷ್ಟೇ ನೈಜವಾಗಿವೆ, ಆದರೂ ಅರ್ಧ ಗಂಟೆಯಲ್ಲಿ ಬೇಸರವಾಗುತ್ತದೆ. ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ, ಎಲ್ಲವೂ ಚೌಕ ಚೌಕವಾಗಿರುವ ಮೈನ್‌ಕ್ರಾಫ್ಟ್ ಆಡಲು ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅದರಲ್ಲಿ ಮರದ ಬುಡ ಕಡಿದರೂ ಮೇಲಿನ ಭಾಗ ಗಾಳಿಯಲ್ಲೇ ನಿಂತಿರುತ್ತದೆ! ಅದು ನಿಜವೆನಿಸುವುದು ಹೇಗೆ? ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸಿ ಎಂದು ಅಪ್ಪನನ್ನು ಕೇಳಬಹುದೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಮೈನ್‌ಕ್ರಾಫ್ಟಿನಲ್ಲಿ ಮರ ಗಾಳಿಯಲ್ಲಿ ನಿಲ್ಲುತ್ತದೆ, ಮರಳು ಬೀಳುತ್ತದೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಆದರೆ ನೀನು ಕೈಯಾರೆ ಇಟ್ಟ ಮರಳು ಆಸರೆಯಿಲ್ಲದೆ ನಿಂತದ್ದನ್ನು ಎಂದಾದರೂ ಕಂಡಿದ್ದೀಯಾ? ಮೊದಲ ದಿನ ಕಲಿತ ನಿಯಮ ಒಂದು ವರ್ಷದ ನಂತರವೂ ಹಾಗೆಯೇ ನಡೆಯುತ್ತದೆ. ಒಂದು ಲೋಕವನ್ನು ನಂಬಲು ಮನಸ್ಸು ಕೇಳುವುದು ಇದನ್ನೇ: ಇಲ್ಲಿ ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಭರವಸೆ.

ಇನ್ನು ಫೋಟೊದಂಥ ಆಟಗಳ ವಿಚಾರ. ಚಿತ್ರ ನೈಜವಾದಷ್ಟೂ ಅದು ಆಟಗಾರನಿಗೆ ಹೆಚ್ಚು ಹೆಚ್ಚು ಮಾತು ಕೊಡುತ್ತಾ ಹೋಗುತ್ತದೆ. ಒಂದು ಕೋಣೆ, ಅದರಲ್ಲಿ ಮೇಜು, ಮೇಜಿನ ಮೇಲೆ ಗಾಜಿನ ಲೋಟ, ಕಿಟಕಿಗೆ ಪರದೆ ಇವೆ ಎಂದುಕೊ. ಚೌಕ ಚೌಕವಾಗಿ ಬಿಡಿಸಿದಾಗ ಅವೆಲ್ಲ ಗುರುತುಗಳಷ್ಟೇ; ಯಾರೂ ಅವುಗಳಿಂದ ಏನನ್ನೂ ಬಯಸುವುದಿಲ್ಲ. ಅದೇ ಲೋಟದ ಅಂಚಿನಲ್ಲಿ ಬೆಳಕು ಮಿನುಗಿ, ಒಳಗೆ ನೀರು ಕಂಡರೆ ಕೈ ತಾನಾಗಿ ಅದರತ್ತ ಹೋಗುತ್ತದೆ. ತಳ್ಳಿದರೆ ಉರುಳಬೇಕು, ಬಿದ್ದರೆ ಒಡೆಯಬೇಕು, ನೀರು ಚೆಲ್ಲಬೇಕು. ಬಹಳಷ್ಟು ಆಟಗಳಲ್ಲಿ ಲೋಟ ಮೇಜಿಗೆ ಅಂಟಿಕೊಂಡಿರುತ್ತದೆ, ನಾಯಕನ ಭುಜ ಪರದೆಯೊಳಗೆ ತೂರಿ ಹೋಗುತ್ತದೆ, ಬಾಗಿಲು ತೆರೆಯುವುದೇ ಇಲ್ಲ. ನಿನ್ನ ಬೇಸರ ಹುಟ್ಟುವುದು ಅಲ್ಲಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಹೊಸಬರು ಆಟವಾಡುವುದನ್ನು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಮೊದಲ ಕೆಲವು ನಿಮಿಷ ಅವರು ಎಲ್ಲವನ್ನೂ ತಟ್ಟಿ, ಒದ್ದು, ಗುಂಡು ಹಾರಿಸಿ ಪರೀಕ್ಷಿಸುತ್ತಾರೆ. ಯಾವುದೂ ಓಗೊಡದಿದ್ದರೆ ಆ ಪರೀಕ್ಷೆ ನಿಲ್ಲುತ್ತದೆ; ಆಮೇಲೆ ಅವರು ಕೋಣೆಯನ್ನು ನೋಡುವುದನ್ನೂ ಬಿಟ್ಟು ಬಾಣದ ಗುರುತು ತೋರಿಸಿದ ಕಡೆ ಓಡುತ್ತಾರೆ. ಚಿತ್ರಕಾರರು ತಿಂಗಳುಗಟ್ಟಲೆ ದುಡಿದ ಕೋಣೆ ಕಣ್ಣಿಗೇ ಬೀಳದೆ ಕಳೆದುಹೋಗುತ್ತದೆ. ನನಗೆ ಇದು ಸಂಕಟದ ವಿಷಯ.

ಮಾತು ಉಳಿಸಿಕೊಂಡ ಆಟಕ್ಕೆ ಒಂದು ಉದಾಹರಣೆ 2004ರ ಹಾಫ್-ಲೈಫ್ 2. ವಾಲ್ವ್ ಕಂಪನಿಯವರು ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದ ಹ್ಯಾವಕ್ ಎಂಬ ಫಿಸಿಕ್ಸ್ ಎಂಜಿನ್ (ವಸ್ತುಗಳ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ತಂತ್ರಾಂಶ) ಬಳಸಿ ಅದನ್ನು ಮಾಡಿದರು. ಅದರಲ್ಲೊಂದು ಕಡೆ ಹಲಗೆಯೊಂದು ಸೀಸಾದಂತೆ ನಡುವೆ ಆಸರೆಯ ಮೇಲೆ ನಿಂತಿದೆ. ಒಂದು ತುದಿಯಲ್ಲಿ ಕಾಂಕ್ರೀಟ್ ಇಟ್ಟಿಗೆಗಳನ್ನು ಪೇರಿಸಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಅದನ್ನೇರಿ ಮುಂದೆ ಹೋಗಬೇಕು. ಉದ್ಯಾನದಲ್ಲಿ ಸೀಸಾ ಆಡಿದ ಯಾರಿಗಾದರೂ ಇದು ಹೊಳೆಯುತ್ತದೆ. ನೀನು ಹೊರಗಿನ ಬದುಕಿನಲ್ಲಿ ಕಲಿತದ್ದು ಆಟದೊಳಗೂ ಸಲ್ಲುತ್ತದೆ ಎಂದು ಗೊತ್ತಾದ ಆ ಕ್ಷಣದಿಂದ ಅಲ್ಲಿರುವ ಪ್ರತಿ ಪೀಪಾಯಿ, ಪ್ರತಿ ಹಲಗೆ ನಿಜವಾಗುತ್ತದೆ.

ಹಾಗೆಂದು ಭೌತಶಾಸ್ತ್ರವನ್ನು ತುರುಕಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಹಾಫ್-ಲೈಫ್ 2ಕ್ಕೆ ಆರು ವರ್ಷ ಮೊದಲೇ, 1998ರಲ್ಲಿ, ಟ್ರೆಸ್‌ಪಾಸರ್ ಎಂಬ ಡೈನೊಸಾರ್ ಆಟ ಬಂತು. ಎಲ್ಲ ವಸ್ತುಗಳೂ ಭೌತ ನಿಯಮದಂತೆಯೇ ಚಲಿಸಬೇಕೆಂಬ ದೊಡ್ಡ ಆಸೆ ಅದರದು. ಆಟಗಾರನ ತೋಳನ್ನೂ ಮೌಸ್‌ನಿಂದ ಅಲುಗಿಸಬೇಕಿತ್ತು. ಅಂದಿನ ಕಂಪ್ಯೂಟರುಗಳಿಗೆ ಆ ಭಾರ ಹೊರಲಾಗಲಿಲ್ಲ. ಆಟ ಕುಂಟಿತು, ಕೈ ಹಿಡಿತಕ್ಕೆ ಸಿಗದೆ ತೊನೆಯಿತು, ಜನ ಕೈಬಿಟ್ಟರು. ಇನ್ನೊಂದು ತುದಿಯಲ್ಲಿ ನಿಂಟೆಂಡೊದ 2017ರ ಆಟ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್ ಇದೆ. ನೋಡಲು ಅದು ಬಣ್ಣದ ಚಿತ್ರಕಥೆ. ಆದರೆ ಒಣ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿ ಗಾಳಿ ಮೇಲೇಳುತ್ತದೆ, ಆ ಗಾಳಿಯಲ್ಲಿ ಪ್ಯಾರಾಗ್ಲೈಡರ್ ಬಿಚ್ಚಿ ಮೇಲಕ್ಕೆ ಹಾರಬಹುದು. ಗುಡುಗಿನ ಮಳೆಯಲ್ಲಿ ಕಬ್ಬಿಣದ ಕತ್ತಿ ಧರಿಸಿದ್ದರೆ ಸಿಡಿಲು ಬಡಿಯುತ್ತದೆ.

ಕಾರ್ಡಿನ ಬಗ್ಗೆ: ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡು ಹಾರಿಸುವ ಆಟವನ್ನು ಚೆನ್ನಾಗಿ ಆಡುವ ಗೆಳೆಯರ ಸೆಟ್ಟಿಂಗ್ಸ್ ತೆರೆದು ನೋಡು. ಅನೇಕರು ಗ್ರಾಫಿಕ್ಸನ್ನು ಕೆಳಮಟ್ಟದ ‘ಸ್ಮೂತ್’ಗೆ ಇಳಿಸಿ, ಫ್ರೇಮ್ ರೇಟನ್ನು ಸಿಕ್ಕಷ್ಟು ಮೇಲಕ್ಕೆ ಏರಿಸಿರುತ್ತಾರೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೂ 33 ಮಿಲಿಸೆಕೆಂಡ್; 60 ಎಂದರೆ ಸುಮಾರು 17. ಬೆರಳು ಒತ್ತಿದ್ದಕ್ಕೆ ತೆರೆ ಎಷ್ಟು ಬೇಗ ಓಗೊಡುತ್ತದೆ ಎಂಬುದು ನೆರಳಿನ ಅಂದಕ್ಕಿಂತ ಅವರಿಗೆ ಮುಖ್ಯ. ಚಿಕ್ಕಪ್ಪನ ಕಂಪ್ಯೂಟರಿನಲ್ಲೂ ನೆರಳು, ಪ್ರತಿಫಲನಗಳನ್ನು ಇಳಿಸಿ ಆಡಿ ನೋಡು. ಆಗಲೂ ಬೇಸರವಾದರೆ ಕೊರತೆ ಆಟದ್ದು. ಅಪ್ಪನ ದುಡ್ಡಿನಿಂದ ಅದು ಸರಿಹೋಗುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗೇಮ್‌ಗಳಲ್ಲಿ ನೆಗೆದವನು ಗಾಳಿಯಲ್ಲೇ ದಿಕ್ಕು ಬದಲಿಸುತ್ತಾನೆ, ಏರಿದ್ದಕ್ಕಿಂತ ವೇಗವಾಗಿ ಇಳಿಯುತ್ತಾನೆ. ನ್ಯೂಟನ್ನನ ನಿಯಮ ಗೊತ್ತಿದ್ದೂ ಹೀಗೇಕೆ ಮಾಡುತ್ತೀರಿ? ಮಕ್ಕಳ ತಲೆಯಲ್ಲಿ ತಪ್ಪು ಕಲ್ಪನೆ ಬೇರೂರುವುದಿಲ್ಲವೇ?
– ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಮೇಷ್ಟರೇ, ನಮ್ಮ ಕಸುಬು ಹುಟ್ಟಿದ್ದೇ ನ್ಯೂಟನ್ನನ ಮೇಲಿನ ಪ್ರೀತಿಯಿಂದ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಬರೆದರು. ನಡುವೆ ಒಂದು ನಕ್ಷತ್ರ, ಅದರ ಗುರುತ್ವ ಎರಡು ನೌಕೆಗಳನ್ನು ಸೆಳೆಯುತ್ತದೆ. ಹಿನ್ನೆಲೆಯ ಆಕಾಶವನ್ನೂ ನಿಜವಾದ ನಕ್ಷತ್ರಪಟ ನೋಡಿಯೇ ಬಿಡಿಸಿದ್ದರು. ಆದರೆ ನೌಕೆಗಳು ಹಾರಿಸುವ ಟಾರ್ಪಿಡೊಗಳಿಗೆ ಮಾತ್ರ ಗುರುತ್ವ ತಟ್ಟುತ್ತಿರಲಿಲ್ಲ, ಏಕೆಂದರೆ ಅಷ್ಟು ಲೆಕ್ಕ ಮಾಡುವ ಶಕ್ತಿ ಯಂತ್ರಕ್ಕೆ ಇರಲಿಲ್ಲ. ಆಟಗಾರರು ಅದನ್ನು ನಿಯಮವೆಂದೇ ಒಪ್ಪಿಕೊಂಡರು.

ಹತ್ತು ವರ್ಷದ ನಂತರ ಬಂದ ‘ಪಾಂಗ್’ನಲ್ಲಿ ನಿಯಮ ಮುರಿದದ್ದು ಬೇಕೆಂದೇ. ಚೆಂಡು ಬ್ಯಾಟಿಗೆ ಬಡಿದಾಗ ಪತನ ಕೋನ ಮತ್ತು ಪ್ರತಿಫಲನ ಕೋನ ಸಮವಾಗಿದ್ದರೆ ಆಟಗಾರನ ಕೈಚಳಕಕ್ಕೆ ಎಡೆಯೇ ಇರುವುದಿಲ್ಲ. ಹಾಗಾಗಿ ಅದನ್ನು ರೂಪಿಸಿದ ಆಲನ್ ಆಲ್ಕಾರ್ನ್ ಬ್ಯಾಟನ್ನು ಎಂಟು ಭಾಗ ಮಾಡಿದರು. ಯಾವ ಭಾಗಕ್ಕೆ ತಗುಲಿತು ಎಂಬುದರ ಮೇಲೆ ಚೆಂಡಿನ ಕೋನ ನಿರ್ಧಾರವಾಗುತ್ತಿತ್ತು.

ನೆಗೆತದ ವಿಷಯಕ್ಕೆ ಬರೋಣ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಗುಂಡಿ ಒತ್ತಿ ಹಿಡಿದು ಏರುವಾಗ ಗುರುತ್ವ ಕಡಿಮೆ, ಇಳಿಯುವಾಗ ಹೆಚ್ಚು. ಆಟದ ನಾಯಕರು ತಮ್ಮ ಎರಡು ಪಟ್ಟು ಎತ್ತರ ಸಲೀಸಾಗಿ ನೆಗೆಯುತ್ತಾರೆ. ಮೂರೂವರೆ ಮೀಟರ್ ಎಂದೇ ಇಟ್ಟುಕೊಳ್ಳಿ. ಭೂಮಿಯ ಗುರುತ್ವದಲ್ಲಿ ಅಷ್ಟು ಎತ್ತರಕ್ಕೆ ಹೋಗಿ ನೆಲ ಮುಟ್ಟಲು ಸುಮಾರು 1.7 ಸೆಕೆಂಡ್ ಬೇಕು. ಲೆಕ್ಕದಲ್ಲಿ ಅದು ಅಲ್ಪ ಸಮಯ, ಆದರೆ ಕೈಯಲ್ಲಿ ಗುಂಡಿ ಹಿಡಿದವನಿಗೆ ಚಂದ್ರನ ಮೇಲೆ ತೇಲಿದಂತಾಗುತ್ತದೆ. ಎತ್ತರದ ಸುಳ್ಳನ್ನು ಒಪ್ಪಿಕೊಂಡ ಮೇಲೆ ಗುರುತ್ವವನ್ನು ನಿಜದಲ್ಲೇ ಉಳಿಸಿದರೆ ಎರಡೂ ಕೆಡುತ್ತವೆ. 2018ರ ‘ಸೆಲೆಸ್ಟ್’ ಆಟದಲ್ಲಿ ಬಂಡೆಯ ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳ ಕಾಲ ನೆಗೆಯಲು ಅವಕಾಶವಿದೆ. ಕಣ್ಣು ಅಂಚನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಆಗುವ ತಡವನ್ನು ಆಟವೇ ಭರಿಸಿಕೊಡುತ್ತದೆ. ಇದನ್ನು ನಾನು ಮೋಸವೆಂದು ಕರೆಯಲಾರೆ. ಮನುಷ್ಯನ ದೇಹಕ್ಕೆ ತೋರಿದ ಗೌರವ ಅದು.

ನಿಯಮ ಮುರಿಯಬೇಕಾದ ಇನ್ನೊಂದು ಕಡೆ ಡಿಕ್ಕಿಯ ಲೆಕ್ಕ. ನಾನು ಹಲವು ವರ್ಷ ಬರೆದದ್ದು ಇದೇ ಕೋಡ್. ಸೆಕೆಂಡಿಗೆ 900 ಮೀಟರ್ ಹೋಗುವ ಗುಂಡನ್ನು ಸೆಕೆಂಡಿಗೆ 60 ಬಾರಿ ಲೆಕ್ಕ ಹಾಕಿದರೆ ಅದು ಒಂದೊಂದು ಹೆಜ್ಜೆಗೆ 15 ಮೀಟರ್ ಹಾರುತ್ತದೆ. ನಡುವೆ ಇಟ್ಟಿಗೆ ಗೋಡೆಯಿದ್ದರೆ ಈ ಹೆಜ್ಜೆಯಲ್ಲಿ ಗುಂಡು ಗೋಡೆಯ ಈಚೆ, ಮುಂದಿನ ಹೆಜ್ಜೆಯಲ್ಲಿ ಆಚೆ. ಗೋಡೆಗೆ ತಗುಲಲೇ ಇಲ್ಲ! ಹಾಗಾಗಿ ಎರಡು ಹೆಜ್ಜೆಗಳ ನಡುವೆ ಗೆರೆ ಎಳೆದು ಅದು ಯಾವುದನ್ನಾದರೂ ಕತ್ತರಿಸುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಎಲ್ಲಿ ಸುಳ್ಳು ನಡೆಯುವುದಿಲ್ಲ ಎಂದರೆ, ಆಡುವವರ ದೇಹಕ್ಕೆ ಸತ್ಯ ಗೊತ್ತಿರುವ ಕಡೆ. ನಮ್ಮ ಹುಡುಗರಿಗೆ ಕ್ರಿಕೆಟ್ ಚೆಂಡು ಗೊತ್ತು. ಹೊಸ ಚೆಂಡಿನ ಸೀಮ್ ಗಾಳಿಯ ಪದರವನ್ನು ಎರಡು ಬದಿಯಲ್ಲಿ ಬೇರೆ ಬೇರೆ ಕಡೆ ಬಿಡಿಸುವುದರಿಂದ ಚೆಂಡು ಸ್ವಿಂಗ್ ಆಗುತ್ತದೆ; ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲಿ ವಾಲುವುದು ಮ್ಯಾಗ್ನಸ್ ಪರಿಣಾಮದಿಂದ, ಅಂದರೆ ತಿರುಗುವ ಚೆಂಡನ್ನು ಗಾಳಿ ಒಂದು ಬದಿಗೆ ತಳ್ಳುವುದರಿಂದ. ಈ ಹೆಸರುಗಳು ಅವರಿಗೆ ತಿಳಿದಿಲ್ಲದಿರಬಹುದು, ಆದರೆ ನೆಲಕ್ಕೆ ಬಿದ್ದ ಚೆಂಡು ವೇಗವನ್ನು ಒಂದಿಷ್ಟೂ ಕಳೆದುಕೊಳ್ಳದೆ ತಿರುಗಿದರೆ ‘ಇದು ಸುಳ್ಳು’ ಎಂದು ತಕ್ಷಣ ಹೇಳುತ್ತಾರೆ. ಡ್ರ್ಯಾಗನ್ ಹೇಗೆ ಹಾರಬೇಕೆಂದು ಯಾರೂ ತಕರಾರು ಮಾಡುವುದಿಲ್ಲ. ಸೈಕಲ್ ಹೇಗೆ ವಾಲಬೇಕೆಂದು ಎಲ್ಲರೂ ಮಾಡುತ್ತಾರೆ.

ತಪ್ಪು ಕಲ್ಪನೆಯ ಭಯಕ್ಕೆ ನಿಮ್ಮ ತರಗತಿಯಲ್ಲೇ ಪರಿಹಾರವಿದೆ. 2009ರ ಆ್ಯಂಗ್ರಿ ಬರ್ಡ್ಸ್ ಆಟ ಬಾಕ್ಸ್‌2ಡಿ ಎಂಬ ಫಿಸಿಕ್ಸ್ ಎಂಜಿನ್ ಬಳಸುತ್ತದೆ. ತೆರೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಸಮಾನ ಅವಧಿಗೊಮ್ಮೆ ಹಕ್ಕಿಯ ಸ್ಥಾನವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳಿ. ಅಡ್ಡ ದೂರ ಸಮವಾಗಿದೆಯೇ, ಲಂಬ ದೂರದ ವ್ಯತ್ಯಾಸ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆಯೇ? ಆಮೇಲೆ ಕೇಳಿ: ಗುರುತ್ವ ವೇಗೋತ್ಕರ್ಷ 9.8 ಎಂದು ಬರಬೇಕಾದರೆ ಆ ಹಕ್ಕಿ ಎಷ್ಟು ದೊಡ್ಡದಿರಬೇಕು? ಮಾರಿಯೊನ ನೆಗೆತಕ್ಕೂ ಇದೇ ಗ್ರಾಫ್ ಹಾಕಿಸಿ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಯಾವುದು ನ್ಯೂಟನ್ನನದು, ಯಾವುದು ಅಲ್ಲ ಎಂದು ಮಕ್ಕಳೇ ಹೇಳುತ್ತಾರೆ.

ಪ್ರಶ್ನೆ: ನಾನು ಹವ್ಯಾಸಿ ಛಾಯಾಗ್ರಾಹಕ. ಲೆನ್ಸಿನೊಳಗೆ ಬೆಳಕು ಚದುರಬಾರದು, ಅಂಚಿನಲ್ಲಿ ಬಣ್ಣ ಒಡೆಯಬಾರದು ಎಂದು ಸಾವಿರಾರು ರೂಪಾಯಿ ಸುರಿಯುತ್ತೇವೆ. ಗೇಮ್ ಮಾಡುವವರು ಅದೇ ದೋಷಗಳನ್ನು ಕಷ್ಟಪಟ್ಟು ಸೇರಿಸುತ್ತಾರಂತೆ. ಏಕೆ?
– ಓದುಗರು, ಚಾಮರಾಜಪುರಂ, ಮೈಸೂರು

ಉತ್ತರ: ನಮಗೆ ದೂರದ ಲೋಕಗಳೆಲ್ಲ ಪರಿಚಯವಾದದ್ದು ಕ್ಯಾಮೆರಾದ ಮೂಲಕ. ಹಾಗಾಗಿ ತೆರೆಯ ಮೇಲೆ ಲೆನ್ಸ್ ಫ್ಲೇರ್ (ಲೆನ್ಸಿನೊಳಗೆ ಚದುರಿದ ಬೆಳಕಿನ ಕಲೆ) ಕಂಡರೆ ‘ಇದನ್ನು ಯಾರೋ ಚಿತ್ರೀಕರಿಸಿದ್ದಾರೆ’ ಎಂಬ ಭಾವ ಬರುತ್ತದೆ. ನಾಯಕನನ್ನು ಹಿಂದಿನಿಂದ ನೋಡುವ ಆಟದಲ್ಲಿ ಇದು ಒಪ್ಪುತ್ತದೆ. ನಾಯಕನ ಕಣ್ಣಿನಿಂದಲೇ ನೋಡುವ ಆಟದಲ್ಲಿ ನನಗೆ ಇದು ಸಹಿಸದು. ಕನ್ನಡಕವಿಲ್ಲದ ಮನುಷ್ಯನ ಕಣ್ಣಿನ ಮುಂದೆ ಮಳೆಹನಿ ಗಾಜಿಗೆ ಅಂಟಿದಂತೆ ಜಾರುವುದೇಕೆ? ಹಿನ್ನೆಲೆಯನ್ನು ಮಸುಕು ಮಾಡುವುದರಲ್ಲೂ ಇದೇ ತೊಡಕು. ಕಣ್ಣು ಎತ್ತ ಹೊರಳುತ್ತದೋ ಅದು ತಿಳಿಯಾಗಿ ಕಾಣಬೇಕು. ನೀವು ಎತ್ತ ನೋಡುತ್ತಿದ್ದೀರಿ ಎಂದು ಸಾಮಾನ್ಯ ತೆರೆಗೆ ಗೊತ್ತಾಗುವುದಿಲ್ಲ. ನೀವು ದೂರದ ಬೆಟ್ಟ ನೋಡುತ್ತಿರುತ್ತೀರಿ, ಆಟ ಹತ್ತಿರದ ಕಂಬವನ್ನು ತಿಳಿಗೊಳಿಸಿರುತ್ತದೆ. ಅನೇಕ ಆಟಗಳಲ್ಲಿ ಇವನ್ನೆಲ್ಲ ಆಫ್ ಮಾಡುವ ಆಯ್ಕೆ ಇರುತ್ತದೆ. ನಾನು ಮೊದಲು ಮಾಡುವ ಕೆಲಸವೇ ಅದು.

ಪ್ರಶ್ನೆ: ಮಗ ಆಟಕ್ಕೆ ಕೂತರೆ ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ. ಅಷ್ಟು ನಿಜದಂತೆ ಕಾಣುವುದೇ ಇದಕ್ಕೆ ಕಾರಣವೇ? ಪಕ್ಕದಲ್ಲಿ ಕೂತು ಐದು ನಿಮಿಷ ನೋಡಿದರೆ ನನಗೆ ತಲೆ ತಿರುಗಿ ವಾಕರಿಕೆ ಬರುತ್ತದೆ. ಅವನಿಗೆ ಮಾತ್ರ ಏನೂ ಆಗುವುದಿಲ್ಲ.
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ಮೊದಲು ನಿಮ್ಮ ತಲೆಸುತ್ತಿನ ವಿಚಾರ. ಓಡುತ್ತಿದ್ದೇನೆ, ತಿರುಗುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ. ಕುರ್ಚಿಯಲ್ಲಿ ಕೂತಿದ್ದೇನೆ ಎಂದು ಒಳಕಿವಿ ಹೇಳುತ್ತದೆ. ಈ ಎರಡರ ಜಗಳವೇ ವಾಕರಿಕೆ. ಊಟಿ ಘಾಟಿಯಲ್ಲಿ ಹಿಂದಿನ ಸೀಟಿನವರಿಗೆ ವಾಂತಿಯಾಗುತ್ತದೆ, ಸ್ಟಿಯರಿಂಗ್ ಹಿಡಿದವರಿಗೆ ಆಗುವುದು ಅಪರೂಪ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು. ನಿಮ್ಮ ಮಗನೂ ಹಾಗೆಯೇ. ತೆರೆಯಿಂದ ಸ್ವಲ್ಪ ದೂರ ಕೂರಿ, ಕೋಣೆಯ ದೀಪ ಹಾಕಿರಿ, ‘ಮೋಷನ್ ಬ್ಲರ್’ (ಚಲಿಸುವಾಗ ಚಿತ್ರವನ್ನು ಮಸುಕು ಮಾಡುವುದು) ಮತ್ತು ನಡೆಯುವಾಗ ತಲೆ ಅಲುಗಿಸುವ ಆಯ್ಕೆಯನ್ನು ಆಫ್ ಮಾಡಲು ಹೇಳಿ. ಬಹಳ ಮಂದಿಗೆ ಇದರಿಂದ ಹಿತವಾಗುತ್ತದೆ.

ಇನ್ನು ಕರೆದದ್ದು ಕೇಳಿಸದಿರುವುದು. ಇದಕ್ಕೆ ಚಿತ್ರದ ನೈಜತೆ ಮುಖ್ಯ ಕಾರಣವಲ್ಲ. 1984ರಲ್ಲಿ ರಷ್ಯಾದಲ್ಲಿ ಹುಟ್ಟಿದ ಟೆಟ್ರಿಸ್‌ನಲ್ಲಿ ಇರುವುದು ಚೌಕಗಳಷ್ಟೇ, ಅದೂ ಜನರ ಊಟ ನಿದ್ದೆ ಮರೆಸಿತು. ಗುರಿ ಸ್ಪಷ್ಟವಾಗಿದ್ದು, ಮಾಡಿದ್ದರ ಫಲ ತಕ್ಷಣ ಕಂಡು, ಕಷ್ಟವು ಕೌಶಲಕ್ಕೆ ಸರಿಸಮವಾಗಿದ್ದರೆ ಯಾವ ಕೆಲಸದಲ್ಲೂ ಮನುಷ್ಯ ಮುಳುಗುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ವಿವರಿಸಿದ್ದಾರೆ. ವೀಣೆ ನುಡಿಸುವವರಿಗೂ ಚದುರಂಗ ಆಡುವವರಿಗೂ ಇದು ಆಗುತ್ತದೆ. ಜೊತೆಗೆ ಒಂದು ಸಣ್ಣ ತಾಂತ್ರಿಕ ವಿಷಯ ತಿಳಿದಿರಲಿ: ಇತರರೊಡನೆ ಆನ್‌ಲೈನ್‌ನಲ್ಲಿ ಆಡುವ ಪಂದ್ಯವನ್ನು ನಡುವೆ ನಿಲ್ಲಿಸಿಡಲಾಗದು, ಎದ್ದುಬಂದರೆ ತಂಡ ಸೋಲುತ್ತದೆ. ‘ಈ ಪಂದ್ಯ ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ’ ಎಂದು ಹೇಳಿ ನೋಡಿ, ಜಗಳ ಕಡಿಮೆಯಾಗುತ್ತದೆ. ನಿದ್ದೆ, ಶಾಲೆ, ಗೆಳೆತನ ಕೆಡುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯವಿದೆ.

ಪ್ರಶ್ನೆ: ಮೈಸೂರು ಅರಮನೆ ಮತ್ತು ಕಾವೇರಿಯ ದಡದಲ್ಲಿ ನಡೆಯುವ ಒಂದು ಸಣ್ಣ ಆಟ ಮಾಡಬೇಕೆಂದಿದ್ದೇನೆ. ನನ್ನಲ್ಲಿರುವುದು ಸಾಧಾರಣ ಲ್ಯಾಪ್‌ಟಾಪ್. ರೇ ಟ್ರೇಸಿಂಗ್ ಇಲ್ಲದೆ ಅರಮನೆ ಚೆನ್ನಾಗಿ ಕಾಣುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಖಂಡಿತ ಕಾಣುತ್ತದೆ, ದಯವಿಟ್ಟು ಮಾಡಿ. ನಮ್ಮೂರಿನ ಬೆಳಕನ್ನು ನಮ್ಮವರೇ ಆಟದಲ್ಲಿ ಹಿಡಿಯುವುದನ್ನು ನೋಡಲು ನಾನು ಕಾದಿದ್ದೇನೆ.

ರೇ ಟ್ರೇಸಿಂಗ್ ಎಂದರೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವುದು. ಅದನ್ನು ಆಡುವಾಗಲೇ ಮಾಡಬಲ್ಲ ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳು ಬಂದದ್ದು 2018ರಲ್ಲಿ. ಆದರೆ ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಎದ್ದು ಓಡುವುದಿಲ್ಲವಲ್ಲ! ಅಲುಗದ ವಸ್ತುಗಳ ಮೇಲೆ ಅಲುಗದ ಬೆಳಕು ಹೇಗೆ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಚಿತ್ರವಾಗಿ ಉಳಿಸಿಟ್ಟುಕೊಳ್ಳಬಹುದು. 1996ರ ‘ಕ್ವೇಕ್’ ಮಾಡಿದ್ದು ಅದನ್ನೇ. ಬ್ಲೆಂಡರ್ ಮತ್ತು ಗೊಡೊ, ಉಚಿತವಾಗಿ ಸಿಗುವ ಈ ಎರಡೂ ತಂತ್ರಾಂಶಗಳಲ್ಲಿ ಇದು ಸಾಧ್ಯ. ಮಂಟಪದ ನೆಲದಲ್ಲಿ ಬಣ್ಣದ ಗಾಜಿನ ಛಾವಣಿ ಹೊಳೆಯಬೇಕೆಂದರೆ ಹಳೆಯ ಉಪಾಯವಿದೆ: ಇಡೀ ಮಂಟಪವನ್ನು ತಲೆಕೆಳಗಾಗಿ ನೆಲದಡಿಯಲ್ಲಿ ಇನ್ನೊಮ್ಮೆ ಬಿಡಿಸಿ, ನೆಲವನ್ನು ಅರೆಪಾರದರ್ಶಕ ಮಾಡಿ. ಅರಮನೆಯ ಹೊರಗಿನ ಸುಮಾರು ಒಂದು ಲಕ್ಷ ಬಲ್ಬುಗಳನ್ನು ಒಂದೊಂದು ದೀಪವೆಂದು ಲೆಕ್ಕ ಹಾಕಲು ಹೋಗಬೇಡಿ. ಅವು ಹೊಳೆಯುವ ಚುಕ್ಕಿಗಳಾಗಿರಲಿ, ಸುತ್ತ ಬೆಳಕು ಸ್ವಲ್ಪ ಹರಡಿಕೊಳ್ಳಲಿ. ಗೋಡೆಯ ಮೇಲೆ ಬೀಳುವ ಹೊಂಬಣ್ಣಕ್ಕೆ ನಾಲ್ಕೈದು ದೊಡ್ಡ ದೀಪ ಸಾಕು.

ಇದಕ್ಕೂ ಮೊದಲು ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋಗಿ ಎಸ್.ಎಲ್. ಹಳದಂಕರರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರದ ಮುಂದೆ ನಿಲ್ಲಿ. ನೋಡುವವರ ಕಣ್ಣೆಲ್ಲ ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಮೇಲೆಯೇ. ಬೆಳಕು ಚರ್ಮದೊಳಗೆ ಹೊಕ್ಕು, ಚದುರಿ, ಕೆಂಪಾಗಿ ಹೊರಬರುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಪ್ರಾಯೋಗಿಕವಾಗಿ ಲೆಕ್ಕ ಹಾಕುವ ಮಾದರಿಯನ್ನು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು, ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಹಳದಂಕರರು ಅದನ್ನು 1940ರ ದಶಕದಲ್ಲಿ ಕುಂಚದಿಂದ ಸಾಧಿಸಿದ್ದರು. ಅವರು ತಮ್ಮ ಶ್ರಮವನ್ನೆಲ್ಲ ಕಣ್ಣು ತಂಗುವ ಜಾಗದಲ್ಲಿ ಸುರಿದು, ಉಳಿದದ್ದನ್ನು ಕತ್ತಲಿಗೆ ಬಿಟ್ಟರು. ನಿಮ್ಮ ಲ್ಯಾಪ್‌ಟಾಪಿನ ಶಕ್ತಿಯನ್ನೂ ಹಾಗೆಯೇ ಖರ್ಚು ಮಾಡಿ.

ನೀರು ಹೇಗಿರಬೇಕೆಂದು ತಿಳಿಯಲು ಬಲಮುರಿಗೆ ಹೋಗಿ, ದಡದಲ್ಲೇ ನಿಂತು ಒಡ್ಡಿನ ಮೇಲಿಂದ ಕಾವೇರಿ ತೆಳ್ಳಗೆ ಜಾರಿ ಬುಡದಲ್ಲಿ ನೊರೆಯಾಗುವುದನ್ನು ಗಮನಿಸಿ. ನಿಜವಾದ ದ್ರವ ಚಲನೆಯ ಲೆಕ್ಕ ನಿಮ್ಮ ಯಂತ್ರಕ್ಕೆ ಭಾರ. ಹರಿಯುವ ಚಿತ್ರ ಸಾಕು. ಆದರೆ ಆಟಗಾರ ಕಾಲಿಟ್ಟಾಗ ಅಲೆಯ ಉಂಗುರ ಏಳಬೇಕು, ನಡಿಗೆ ನಿಧಾನವಾಗಬೇಕು, ಹೆಜ್ಜೆಯ ಸದ್ದು ಬದಲಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ಚೆಂದದ ನೀರು ಬಣ್ಣದ ಬಟ್ಟೆಯಾಗಿ ಉಳಿಯುತ್ತದೆ.

ಸದ್ದಿನ ಮಾತು ಬಂದಿದ್ದರಿಂದ ಇನ್ನೊಂದು: ಅರಮನೆಯೊಳಗೆ ನಾವೆಲ್ಲ ಚಪ್ಪಲಿ ಬಿಟ್ಟು ನಡೆಯುತ್ತೇವೆ. ಅಂತರ್ಜಾಲದಲ್ಲಿ ಸಿಗುವ ಬೂಟಿನ ಹೆಜ್ಜೆಯ ಸದ್ದನ್ನು ಅಲ್ಲಿ ಹಾಕಿದರೆ ಮೈಸೂರಿನವರಿಗೆ ಮೊದಲ ಹೆಜ್ಜೆಯಲ್ಲೇ ಸುಳ್ಳು ತಿಳಿಯುತ್ತದೆ. ಬರಿಗಾಲು ತಣ್ಣನೆಯ ಟೈಲ್ಸ್ ಮೇಲೆ ಮಾಡುವ ಸದ್ದನ್ನು ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ದೊಡ್ಡ ಸಭಾಂಗಣದ ಮಾರ್ದನಿ ಆಮೇಲೆ ಸೇರಿಸಬಹುದು. ಒಂದು ಮಂಟಪ ಸಿದ್ಧವಾದ ಕೂಡಲೇ, ಆಟವಾಡಿ ಅಭ್ಯಾಸವಿಲ್ಲದ ಮನೆಯವರೊಬ್ಬರಿಗೆ ಕೊಟ್ಟು, ಏನೂ ಹೇಳದೆ, ಅವರು ಯಾವ ವಸ್ತುವನ್ನು ಮೊದಲು ಮುಟ್ಟಲು ಹೋಗುತ್ತಾರೆ ಎಂದು ಬರೆದುಕೊಳ್ಳಿ. ಭೌತಶಾಸ್ತ್ರದ ಕೋಡನ್ನು ಆ ವಸ್ತುವಿನಿಂದ ಶುರು ಮಾಡಿ.